ವಿಮಾನ ಎಷ್ಟು ದೂರ, ಎಷ್ಟು ಹೊತ್ತು? ನಾಲ್ಕು ಕಡೆ ಕೇಳಿ ನೋಡಿದೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಅವಧಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಉತ್ತರ. ಯಾವುದನ್ನು ಎಷ್ಟು ನಂಬಬೇಕೆಂದು ತಿಳಿಯಲು ಲಂಡನ್ನಿನ ಹೀಥ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ಜೋಡಿಯನ್ನೇ ಎಲ್ಲದಕ್ಕೂ ಕೊಟ್ಟೆ. ದಿನವಿಡೀ ವಿಮಾನ ಓಡಾಡುವ ಮಾರ್ಗ, ತಾಳೆ ನೋಡಲು ಮಾಹಿತಿಗೆ ಬರವಿಲ್ಲ.

ದೂರದ ಲೆಕ್ಕ ಹಾಕುವ ಸೈಟುಗಳು ಕಿಲೋಮೀಟರಿನ ಮಟ್ಟಿಗೆ ನಂಬಿಕಸ್ಥ. ಕೆಲವು 5,540 ಕಿ.ಮೀ. ಎನ್ನುತ್ತವೆ, ಕೆಲವು 5,555ರ ಆಸುಪಾಸು. ಮೊದಲಿನವು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗುಂಡು ಚೆಂಡೆಂದು ಎಣಿಸುತ್ತವೆ, ಎರಡನೆಯವು ಧ್ರುವಗಳಲ್ಲಿ ತುಸು ಚಪ್ಪಟೆ ಎಂಬುದನ್ನೂ ಹಿಡಿಯುತ್ತವೆ. ಪ್ರಯಾಣಿಕನಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ದೂರ ಅಳೆದರೂ ಉತ್ತರ ಇಲ್ಲೇ ಬರುತ್ತದೆ. ಗೆರೆ ಬಾಗಿ ಕಾಣುತ್ತದೆ, ಆದರೆ ಗೋಳದ ಮೇಲೆ ಅದೇ ಹತ್ತಿರದ ದಾರಿ. ನಿಲ್ದಾಣದ ಬದಲು ಊರಿನ ಹೆಸರು ಕೊಟ್ಟರೆ ಮಾತ್ರ ಎಡವಟ್ಟು: ಟೋಕಿಯೊದ ಹನೇಡಾ ಮತ್ತು ನರೀಟಾ ನಡುವೆಯೇ ಸುಮಾರು 60 ಕಿ.ಮೀ. ಅಂತರವಿದೆ. ಪ್ರತಿ ನಿಲ್ದಾಣಕ್ಕಿರುವ ಮೂರಕ್ಷರದ ಕೋಡ್ (ಹೀಥ್ರೂಗೆ LHR) ಕೊಡುವುದೇ ವಾಸಿ.

ಅದೇ ಸೈಟುಗಳು ಸಮಯ ಹೇಳಲು ಹೊರಟಾಗ ನನ್ನ ನಂಬಿಕೆ ಕುಸಿಯಿತು. ಹಲವು ಸೈಟುಗಳ ಸೂತ್ರ ಇಷ್ಟೇ: ಗಂಟೆಗೆ ಸುಮಾರು 800 ಕಿ.ಮೀ. ವೇಗ, ಏರಿಳಿಯಲು ಅರ್ಧ ಗಂಟೆ. ಹಾಗಾಗಿ 7 ಗಂಟೆ 25 ನಿಮಿಷ, ಹೋಗಲೂ ಅಷ್ಟೇ, ಬರಲೂ ಅಷ್ಟೇ. ಗಾಳಿಯ ಸುದ್ದಿಯೇ ಇಲ್ಲ! ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದಲ್ಲಿನ ರಭಸದ ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ವೇಳಾಪಟ್ಟಿಯಲ್ಲಿ ಲಂಡನ್ನಿಗೆ ಬರಲು ಸುಮಾರು 7 ಗಂಟೆ, ನ್ಯೂಯಾರ್ಕಿಗೆ ಹೋಗಲು 8ರ ಹತ್ತಿರ. 2020ರ ಫೆಬ್ರವರಿಯಲ್ಲಿ, ಸಿಯಾರಾ ಬಿರುಗಾಳಿಯ ಹೊತ್ತಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿದಿತ್ತು.

ವೇಳಾಪಟ್ಟಿಯ ಅವಧಿ ಹಾರಾಟದ್ದಲ್ಲ, ಗೇಟಿನಿಂದ ಗೇಟಿಗೆ. ರನ್‌ವೇವರೆಗಿನ ತೆವಳಾಟ, ಅಲ್ಲಿನ ಸರದಿ, ತಡವಾದರೆ ಇರಲೆಂದು ಸೇರಿಸಿದ ನಿಮಿಷಗಳು ಎಲ್ಲವೂ ಅದರೊಳಗಿವೆ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಇದೇ ಸರಿ. ತಲುಪುವ ಹೊತ್ತಿನಿಂದ ಹೊರಡುವ ಹೊತ್ತನ್ನು ಕಳೆದು ಅವಧಿಯ ಲೆಕ್ಕ ಹಾಕಲು ಹೋಗಬೇಡಿ, ಅವು ಆಯಾ ಊರಿನ ಗಡಿಯಾರದವು.

ನನಗೆ ಹೆಚ್ಚು ಹಿಡಿಸಿದ್ದು ಫ್ಲೈಟ್‌ರಾಡಾರ್24ರಂಥ ಟ್ರ್ಯಾಕರ್‌ಗಳು. ಅದೇ ಮಾರ್ಗದ ಕಳೆದ ಕೆಲವು ದಿನಗಳ ಹಾರಾಟ ತೆರೆದರೆ ನೆಲ ಬಿಟ್ಟ ಹೊತ್ತು, ಮುಟ್ಟಿದ ಹೊತ್ತು, ಹಿಡಿದ ದಾರಿ ಎಲ್ಲ ಸಿಗುತ್ತದೆ. ಹೆಲ್ಸಿಂಕಿ–ಟೋಕಿಯೊ ಮಾರ್ಗ ನೋಡಿ. 2022ರಲ್ಲಿ ರಷ್ಯಾದ ವಾಯುಪ್ರದೇಶ ಐರೋಪ್ಯ ಒಕ್ಕೂಟದ ವಿಮಾನಗಳಿಗೆ ಮುಚ್ಚಿದ ಮೇಲೆ ಒಂಬತ್ತೂವರೆ ಗಂಟೆಯ ಪಯಣ ಹದಿಮೂರರ ಸುಮಾರಿಗೆ ಏರಿತು. ದೂರದ ಸೈಟಿನಲ್ಲಿ ಮಾತ್ರ ಒಂದು ಕಿಲೋಮೀಟರೂ ಹೆಚ್ಚಲಿಲ್ಲ.

ನೇರ ವಿಮಾನವಿಲ್ಲದ ಜೋಡಿಗೆ ಟ್ರ್ಯಾಕರ್ ಕೈಕೊಡುತ್ತದೆ. ಆಗಲೂ ದೂರದ ಸೈಟು ಗಂಟೆ, ನಿಮಿಷ ಸಮೇತ ಉತ್ತರ ಕೊಡುತ್ತದೆ, ಅಂಥದ್ದೊಂದು ವಿಮಾನ ಹಾರುವುದೇ ಇಲ್ಲ ಎನ್ನುವುದನ್ನು ಬಿಟ್ಟು. ಅಲ್ಲಿ ವೇಳಾಪಟ್ಟಿಯ ಎರಡು ಹಂತಗಳನ್ನೂ ನಡುವಿನ ಕಾಯುವಿಕೆಯನ್ನೂ ಕೂಡಿಸಿಕೊಳ್ಳಿ.