ಹಳೆಯ ಬೆಂಚ್ ವೈಸಿನ ತುಕ್ಕಿಗೆ ತಂತಿ ಬ್ರಷ್ಷೋ, ನಿಂಬೆ ಉಪ್ಪೋ, ವಿದ್ಯುತ್ತೋ?

ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕಕ್ಕೆ ಸಿಗುವ ಹಳೆಯ ಬೆಂಚ್ ವೈಸುಗಳ (ಕೆಲಸದ ಮೇಜಿಗೆ ಬಿಗಿದು, ವಸ್ತುವನ್ನು ಎರಡು ದವಡೆಗಳ ನಡುವೆ ಅದುಮಿ ಹಿಡಿಯುವ ಉಪಕರಣ) ನಡುವೆ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿ 'ರೆಕಾರ್ಡ್' ಹೆಸರಿನಲ್ಲಿ ತಯಾರಿಸುತ್ತಿದ್ದ ವೈಸುಗಳು ಕಂಡರೆ ಬಿಡಬಾರದು. ನನ್ನ ಪಾಲಿಗೆ ಬಂದದ್ದು ನಾಲ್ಕು ಅಂಗುಲ ದವಡೆಯ ನಂ. 3. ತಿರುಪು ಅರ್ಧದಲ್ಲೇ ಹಿಡಿದುಕೊಂಡಿತ್ತು, ಮೂಲದ ನೀಲಿ ಬಣ್ಣ ಸಂದುಗಳಲ್ಲಷ್ಟೇ ಉಳಿದಿತ್ತು. ಅದನ್ನು ಬಿಚ್ಚಿ, ತುಕ್ಕು ತೆಗೆಯುವ ಮೂರು ವಿಧಾನಗಳನ್ನು ಅದರ ಬೇರೆ ಬೇರೆ ಭಾಗಗಳ ಮೇಲೆ ಪರೀಕ್ಷಿಸಿದೆ.

ಆಂಗಲ್ ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಸಿಕ್ಕಿಸಿದರೆ ಕೆಲಸ ಬೇಗ ಸಾಗುತ್ತದೆ, ಆದರೆ ಅದರ ಫಲಕ್ಕಿಂತ ತೋರಿಕೆಯೇ ಹೆಚ್ಚು. ಸಮತಟ್ಟಾದ ಭಾಗ ಬೆಳ್ಳಗಾಗುತ್ತದೆಯಾದರೂ ಗುಂಡಿಬಿದ್ದ ಜಾಗದಲ್ಲಿ ತುಕ್ಕು ಹೋಗದೆ ಕಂದುಬಣ್ಣದ ಹೊಳಪಾಗಿ ಕೂರುತ್ತದೆ, ತಿರುಪಿನ ಮರೆಗಳ (ಸುರುಳಿ ಗೀರುಗಳ) ಬುಡಕ್ಕಂತೂ ತಂತಿ ತಲುಪುವುದೇ ಇಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದ್ದು, ಅದನ್ನು ಧೂಳು ಮಾಡಿ ಉಸಿರಾಡುವುದು ಅಪಾಯ. ಮುರಿದ ತಂತಿಗಳೂ ಸಿಡಿಯುವುದರಿಂದ ಕನ್ನಡಕವಿಲ್ಲದೆ ಇದಕ್ಕೆ ಕೈಹಾಕಬಾರದು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಲೀಟರಿಗೆ ಸುಮಾರು 50 ಗ್ರಾಂ ಬೆರೆಸಿ ತಿರುಪು, ನಟ್ಟು ಮತ್ತು ದವಡೆಯ ಪಟ್ಟಿಗಳನ್ನು ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ನೀರು ಹಸಿರು ಮಿಶ್ರಿತ ಹಳದಿಯಾಗಿತ್ತು. ಎರಕದ ನಟ್ಟನ್ನು ಎತ್ತಿದರೆ ಬೆರಳಿಗೆ ಒಲೆಯ ಮಸಿಯಂಥ ಕಪ್ಪು ಅಂಟಿತು. ಅದು ಎರಕದ ಕಬ್ಬಿಣದೊಳಗಿನ ಗ್ರಾಫೈಟ್. ಬ್ರಷ್ಷಿನಿಂದ ತಿಕ್ಕಿ ತೊಳೆದರೆ ಹೋಗುತ್ತದೆ. ಪಟ್ಟಿಗಳ ಮೇಲಿನ ಅಡ್ಡಗೀರುಗಳ ಅಂಚು ಉಗುರಿಗೆ ತಾಗುವಷ್ಟು ಚೂಪಾಗಿ ಹೊರಬಂದಿತ್ತು. ಆದರೆ ಈ ದ್ರಾವಣಕ್ಕೆ ತುಕ್ಕು ಮುಗಿದದ್ದು ತಿಳಿಯದು. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯ ಲೋಹವನ್ನೂ ತಿಂದು ಮೇಲ್ಮೈಯನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಬಣ್ಣವಿರುವ ಕಡೆ ಅದರ ಆಟ ನಡೆಯುವುದೂ ಕಡಿಮೆ.

ವೈಸಿನ ದೊಡ್ಡ ಒಡಲಿಗೆ ನಾನು ಒಪ್ಪುವುದು ವಿದ್ಯುದ್ವಿಭಜನೆಯನ್ನೇ, ಅಂದರೆ ನೀರಿನಲ್ಲಿ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುವುದನ್ನು. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಲೀಟರಿಗೊಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ವೈಸಿಗೂ, ಧನ ತಂತಿಯನ್ನು ಕಟ್ಟಡದ ಕಬ್ಬಿಣದ ಸರಳಿನ ತುಂಡುಗಳಿಗೂ ಕೊಡಬೇಕು. ಸ್ಟೇನ್‌ಲೆಸ್ ಸ್ಟೀಲನ್ನು ಧನ ತುದಿಗೆ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಜಲಜನಕ ಹೊಮ್ಮುವುದರಿಂದ ಟಬ್ಬು ಬಯಲಲ್ಲಿರಬೇಕು, ಬೆಂಕಿ ಹತ್ತಿರ ಬರಬಾರದು. ಈಗಿನ 'ಸ್ಮಾರ್ಟ್' ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ಗ್ಯಾರೇಜುಗಳಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರೇ ಇದಕ್ಕೆ ಲೇಸು.

ಇಷ್ಟು ಸಿದ್ಧತೆ ರೇಜಿಗೆಯೆನಿಸಿದರೂ, ಋಣ ತುದಿಯಲ್ಲಿರುವ ಕಬ್ಬಿಣ ಕರಗುವುದಿಲ್ಲವಾದ್ದರಿಂದ ತುಕ್ಕು ತೀರಿದ ಮೇಲೂ ಒಡಲಿಗೆ ಹಾನಿಯಿಲ್ಲ. ನಮ್ಮಲ್ಲಿ ಸಾಮಾನ್ಯವಾದ ಪವರ್ ಕಟ್ ಬಂದರೂ ಸೋಡಾ ನೀರಿನ ಕ್ಷಾರವೇ ಕಬ್ಬಿಣವನ್ನು ಕಾಯುತ್ತದೆ. ಹಳೆಯ ಬಣ್ಣವೂ ಸಡಿಲಗೊಂಡು, ಒದ್ದೆಯಾಗಿದ್ದಾಗಲೇ ಹಕ್ಕಳೆ ಹಕ್ಕಳೆಯಾಗಿ ಕಿತ್ತುಬರುತ್ತದೆ. ಸರಳಿಗೆ ನೇರ ಎದುರಿರುವ ಮುಖ ಮಾತ್ರ ಬೇಗ ಶುದ್ಧವಾಗುವುದು ಇದರ ಕೊರತೆ. ಆದ್ದರಿಂದ ಸರಳುಗಳನ್ನು ನಾಲ್ಕೂ ಕಡೆ ನಿಲ್ಲಿಸಬೇಕು. ಸ್ಪ್ರಿಂಗ್ ಇದ್ದರೆ ಅದನ್ನು ಆಮ್ಲಕ್ಕೂ ವಿದ್ಯುತ್ತಿಗೂ ಒಡ್ಡದೆ ಸೀಮೆಎಣ್ಣೆ ಮತ್ತು ಹಿತ್ತಾಳೆ ಬ್ರಷ್ಷಿನಿಂದಲೇ ಶುದ್ಧಮಾಡಬೇಕು, ಏಕೆಂದರೆ ಹದಮಾಡಿದ ಉಕ್ಕಿನೊಳಗೆ ಜಲಜನಕ ಸೇರಿದರೆ ಅದು ಪೆಡಸಾಗಿ ಮುರಿಯಬಹುದು.

ನೀರಿನಿಂದೆತ್ತಿದ ಕಬ್ಬಿಣ ಕಣ್ಣೆದುರೇ ಮತ್ತೆ ಕೆಂಪಾಗತೊಡಗುತ್ತದೆ. ಬಿಸಿನೀರಿನಲ್ಲಿ ತೊಳೆದು, ಬಿಸಿಯಿರುವಾಗಲೇ ಒರೆಸಿ, ಎನಾಮೆಲ್ ಬಳಿಯಬೇಕಾದ ಒಡಲಿಗೆ ತಡಮಾಡದೆ ಪ್ರೈಮರನ್ನೂ ಉಳಿದದ್ದಕ್ಕೆ ಎಣ್ಣೆಯನ್ನೂ ಹಚ್ಚಿದೆ. ದವಡೆ ಜಾರುವ ಮುಖಗಳಿಗೆ ಬಣ್ಣ ತಾಗಿಸಬಾರದು. ಆ ತೆಳುಪದರಕ್ಕೇ ಚಲನೆ ಬಿಗಿಯಾಗುತ್ತದೆ, ಅಲ್ಲಿಗೆ ಗ್ರೀಸ್ ಸಾಕು.