ಬಾಗಿಲ ಕಡೆಯ ಅಂತರ: ಕೊಡಗಿನಲ್ಲಿ ವ್ಯಾನ್ ನಿಲ್ಲಿಸಿ ಮಲಗಿದ ನಾಲ್ಕು ಜಾಗಗಳು

ಕೊಯ್ಲು ಮುಗಿದು ಬರಿದಾಗಿರುವ, ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ರಾತ್ರಿ ತಂಗುದಾಣ ಕೊಡಗಿನಲ್ಲಿ ನಮ್ಮ ವ್ಯಾನಿಗೆ ಸಿಕ್ಕಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಾತಿಗೆ ಬರುವ ಮುನ್ನ ಒಂದು ಕ್ಯಾಂಪಿಂಗ್ ತಾಣಕ್ಕೆ ಎರಡು ರಾತ್ರಿಗೆಂದು 2,400 ರೂಪಾಯಿ ಮುಂಗಡ ಕಟ್ಟಿ ಪೇಚಿಗೆ ಸಿಕ್ಕಿದ್ದೇವೆ, ಪೆಟ್ರೋಲ್ ಬಂಕಿನಲ್ಲಿ ಲಾರಿಗಳ ನಡುವೆ ಮಲಗಿದ್ದೇವೆ, ಹೋಂಸ್ಟೇಯೊಂದರ ಅಂಗಳದಲ್ಲಿ ರಾತ್ರಿಯಿಡೀ ನಾಯಿಯಿಂದ ಬೊಗಳಿಸಿಕೊಂಡಿದ್ದೇವೆ. ಈ ನಾಲ್ಕನ್ನೂ ತೂಗಿ ನೋಡುವಾಗ ನನಗೆ ಮುಖ್ಯವಾಗುವ ಸಂಗತಿ ಒಂದೇ. ರಾತ್ರಿ ಬಾಗಿಲು ತೆರೆದರೆ ಎದುರಿಗೆ ಏನಿದೆ, ಮತ್ತು ಅದು ಎಷ್ಟು ದೂರದಲ್ಲಿದೆ?

ನಮ್ಮದು ಸೀಟುಗಳನ್ನು ತೆಗೆಸಿ, ಮಂಚ, ಒಲೆಕಟ್ಟೆ, ನೀರಿನ ಟ್ಯಾಂಕು ಕೂರಿಸಿ, ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಂಡಿರುವ ಹಳೆಯ ಟೆಂಪೋ ಟ್ರಾವೆಲರ್. ಅಗಲ ಸುಮಾರು ಆರೂವರೆ ಅಡಿ. ಹತ್ತಿ ಇಳಿಯುವ ಬಾಗಿಲು ಎಡಗಡೆಗಿದೆ, ಬಿಚ್ಚಿ ಕಟ್ಟುವ ಚಪ್ಪರವೂ ಅದೇ ಕಡೆಗಿದೆ. ಹಾಗಾಗಿ ನಮ್ಮ ಬಲಕ್ಕೆ ಯಾರು ಎಷ್ಟು ಹತ್ತಿರ ಬಂದು ನಿಂತರೂ ನಮಗೆ ತೊಂದರೆಯಿಲ್ಲ. ಎಡಕ್ಕೆ ಬಂದು ನಿಂತರೆ ಮಾತ್ರ ನಮ್ಮ ಮನೆಯ ಜಗಲಿಯ ಮೇಲೆ ಅಪರಿಚಿತರು ಹಾಸಿಗೆ ಬಿಚ್ಚಿದಂತಾಗುತ್ತದೆ. ಸ್ವಂತ ಜಾಗವೆಂದರೆ ಸುತ್ತಲೂ ಬೇಕೆಂದು ನಾನು ಕೇಳುವುದಿಲ್ಲ, ಎಡಗಡೆ ಒಂದು ಹತ್ತು ಹನ್ನೆರಡು ಅಡಿ ಸಿಕ್ಕರೆ ಸಾಕು.

ಹಣ ಕೊಟ್ಟು ಹೋದ ಕ್ಯಾಂಪಿಂಗ್ ತಾಣ ಮಡಿಕೇರಿಗೆ ಹತ್ತಿರದಲ್ಲಿತ್ತು. ಗುಡ್ಡದ ಮೈಯನ್ನು ಮೂರು ಮೆಟ್ಟಿಲಾಗಿ ಕಡಿದು, ಸುಣ್ಣದ ಪುಡಿಯಿಂದ ಗೆರೆ ಎಳೆದು, ಹನ್ನೆರಡು ವಾಹನಗಳಿಗೆ ಜಾಗ ಗುರುತಿಸಿದ್ದರು. ಫೋನಿನಲ್ಲಿ ಕಳಿಸಿದ್ದ ಚಿತ್ರದಲ್ಲಿ ಒಂದೇ ಒಂದು ವ್ಯಾನ್ ಮಂಜಿನಲ್ಲಿ ಒಂಟಿಯಾಗಿ ನಿಂತಿತ್ತು, ಅದನ್ನು ನೋಡಿಯೇ ನಾವು ಮರುಳಾದದ್ದು. ಹೋಗಿ ಅಳೆದಾಗ ಒಂದೊಂದು ಜಾಗದ ಅಗಲ 10 ಅಡಿ ಎಂದು ತಿಳಿಯಿತು. ಆರೂವರೆ ಅಡಿಯ ಎರಡು ವ್ಯಾನ್‌ಗಳು ತಮ್ಮ ತಮ್ಮ ಗೆರೆಯ ನಡುಮಧ್ಯದಲ್ಲಿ ನಿಂತರೆ ಅವುಗಳ ನಡುವೆ ಉಳಿಯುವುದು ಮೂರೂವರೆ ಅಡಿ. ನಮ್ಮ ಬಾಗಿಲು ಹೊರಕ್ಕೆ ತೆರೆದುಕೊಳ್ಳುವುದಕ್ಕೇ ಎರಡು ಅಡಿ ಬೇಕು. ಬ್ರಿಟನ್ನಿನ ಕ್ಯಾರವಾನ್ ತಾಣಗಳಲ್ಲಿ ಬೆಂಕಿಯ ಅಪಾಯವನ್ನು ನೆನೆದು ಎರಡು ವಾಹನಗಳ ನಡುವೆ 6 ಮೀಟರ್ ಬಿಡಿಸುತ್ತಾರೆ. ಇಲ್ಲಿ ಪ್ರತಿ ವ್ಯಾನಿನಲ್ಲೂ ಗ್ಯಾಸ್ ಸಿಲಿಂಡರ್ ಇದ್ದರೂ ಆ ಲೆಕ್ಕವನ್ನು ಯಾರೂ ಹಾಕಿದಂತೆ ಕಾಣಲಿಲ್ಲ.

ಆದರೂ ಮೊದಲ ಸಂಜೆ ನಮಗೆ ಚಿಂತೆಯಿರಲಿಲ್ಲ, ಏಕೆಂದರೆ ಹನ್ನೊಂದು ಜಾಗಗಳು ಖಾಲಿಯಿದ್ದವು. ಚಪ್ಪರ ಕಟ್ಟಿ, ಎರಡು ಕುರ್ಚಿ ಹಾಕಿ, ಅಕ್ಕಿರೊಟ್ಟಿ ತಟ್ಟಿ ತಿಂದದ್ದಾಯಿತು. ರಾತ್ರಿ ಎಂಟೂವರೆಗೆ ಇನ್ನೊಂದು ವ್ಯಾನ್ ಬಂತು. ಹನ್ನೊಂದು ಜಾಗಗಳಲ್ಲಿ ಅದು ಆರಿಸಿಕೊಂಡದ್ದು ನಮ್ಮ ಎಡಗಡೆಯದನ್ನೇ. ಬೆಳಗ್ಗೆ ನೇರವಾಗಿ ಹೊರಡಲು ಅನುಕೂಲವಾಗಲೆಂದು ಅವರು ಹಿಮ್ಮುಖವಾಗಿ ಬಂದು ನಿಂತರು. ನಾವು ಮುಮ್ಮುಖವಾಗಿ ನಿಂತಿದ್ದೆವು. ಎರಡೂ ವ್ಯಾನ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ನಮ್ಮ ಬಾಗಿಲಿಗೆ ಅವರ ಬಲಗಡೆಯ ತಗಡು ಎದುರಾಗುತ್ತಿತ್ತು, ಅದನ್ನಾದರೂ ಸಹಿಸಬಹುದಿತ್ತು. ಹೀಗೆ ತಿರುಗಾಮುರುಗಾ ನಿಂತದ್ದರಿಂದ ಅವರ ಬಾಗಿಲೂ ನಮ್ಮ ಬಾಗಿಲೂ ಎದುರುಬದುರಾದವು, ಚಪ್ಪರವನ್ನು ಮಡಚಬೇಕಾಯಿತು, ಕುರ್ಚಿಗಳು ಒಳಗೆ ಬಂದವು.

"ಅಷ್ಟೊಂದು ಜಾಗ ಖಾಲಿ ಇದೆಯಲ್ಲ ಸಾರ್" ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ ಆ ವ್ಯಾನಿನ ಯಜಮಾನರು ನಗುತ್ತಲೇ ಉತ್ತರಿಸಿದರು. "ಇರ್ಲಿ ಸಾರ್, ನಿಮ್ಮ ಪಕ್ಕದಲ್ಲಿದ್ರೆ ನಮಗೂ ಒಂದು ಧೈರ್ಯ. ಇಲ್ಲಿ ಆನೆ ಬರ್ತದಂತಲ್ಲ?" ವಯಸ್ಸಾದ ತಾಯಿ, ಇಬ್ಬರು ಮಕ್ಕಳೊಂದಿಗೆ ಮೊದಲ ಬಾರಿ ವ್ಯಾನಿನಲ್ಲಿ ರಾತ್ರಿ ಕಳೆಯಲು ಬಂದಿದ್ದ ಮನುಷ್ಯನಿಗೆ ನಾನು ಏನು ಹೇಳಲಿ? ಖಾಲಿ ಬಸ್ಸಿನಲ್ಲೂ ಪಕ್ಕದಲ್ಲೇ ಬಂದು ಕೂರುವವರ ಮೇಲೆ ಬರುವ ಸಿಟ್ಟು ಬಂದಿತ್ತು, ಧೈರ್ಯ ಎಂಬ ಮಾತು ಕೇಳಿದ ಮೇಲೆ ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಬೆಳಗ್ಗೆ ಆರಕ್ಕೆ ನನ್ನ ಹೆಂಡತಿ ಬಾಯಿ ಮುಕ್ಕಳಿಸಲು ಬಾಗಿಲು ತೆರೆದಳು. ಅದೇ ಹೊತ್ತಿಗೆ ಎದುರಿನ ಬಾಗಿಲಲ್ಲಿ ಆ ತಾಯಿ ಬ್ರಷ್ ಹಿಡಿದು ನಿಂತಿದ್ದರು. "ನೀವು ಮೊದಲು", "ಬೇಡಮ್ಮ, ನೀವೇ" ಎಂದು ಇಬ್ಬರೂ ಹಿಂದೆ ಸರಿದು ಬಾಗಿಲು ಹಾಕಿಕೊಂಡರು, ಮತ್ತೆ ಇಬ್ಬರೂ ಒಟ್ಟಿಗೇ ತೆರೆದರು.

ಮಧ್ಯಾಹ್ನ ನಾನು ಉಳಿದ ಜಾಗಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ, ಆಗ ಅವರ ಆಯ್ಕೆಯ ಹಿಂದಿದ್ದ ಇನ್ನೊಂದು ಕಾರಣ ಅರ್ಥವಾಯಿತು. ಸ್ಟೀಲ್ ಲೋಟದಲ್ಲಿ ನೀರು ತುಂಬಿ ನೆಲದ ಮೇಲಿಟ್ಟರೆ ಕೆಳಗಿನ ಎರಡು ಮೆಟ್ಟಿಲುಗಳಲ್ಲೂ ನೀರು ಒಂದು ಅಂಚಿಗೆ ವಾಲುತ್ತಿತ್ತು. ಸರಿಯಾಗಿ ಮಟ್ಟವಾಗಿದ್ದವು ನಮ್ಮ ಜಾಗ ಮತ್ತು ಅದರ ಪಕ್ಕದ್ದು, ಎರಡೇ. ಕೊಡಗಿನಲ್ಲಿ ಮಟ್ಟಸವಾದ ನೆಲವೆಂದರೆ ಗದ್ದೆ, ಆಟದ ಮೈದಾನ, ಇಲ್ಲವೇ ಕಣ, ಮಿಕ್ಕದ್ದೆಲ್ಲ ಇಳಿಜಾರು. ತಲೆ ಕೆಳಗಾಗಿ ಮಲಗಲು ಯಾರಿಗೂ ಇಷ್ಟವಿರುವುದಿಲ್ಲವಾದ್ದರಿಂದ, ಆರು ವಾಹನ ಬಂದರೂ ಆರೂ ಬಂದು ಆ ಒಂದು ತುಂಡು ಸಮನೆಲಕ್ಕೇ ಮುತ್ತಿಕೊಳ್ಳುತ್ತವೆ. ಜನ ಅಂಟಿಕೊಂಡು ನಿಲ್ಲುವುದಕ್ಕೆ ಅವರ ಸ್ವಭಾವವೊಂದೇ ಕಾರಣವಲ್ಲ, ನೆಲವೂ ಕಾರಣ.

ಎರಡನೆಯ ರಾತ್ರಿಗೆ ನಾನೊಂದು ಉಪಾಯ ಮಾಡಿದೆ, ಅದನ್ನು ಬರೆಯಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ಪಕ್ಕದವರು ದುಬಾರೆಗೆ ಹೋಗಿದ್ದಾಗ ಅವರ ಜಾಗದ ಅಂಚಿನಲ್ಲಿ ಎರಡು ಕುರ್ಚಿ, ಒಂದು ಬಕೆಟ್, ಒಗೆದ ಟವೆಲು ಇಟ್ಟು ಗಡಿ ಹಾಕಿದೆ. ಕಾವಲುಗಾರ ಬಂದು ಏನೂ ಮಾತಾಡದೆ ಎಲ್ಲವನ್ನೂ ಎತ್ತಿ ನಮ್ಮ ಬಾಗಿಲಿಗೆ ಒರಗಿಸಿಟ್ಟು ಹೋದ. ಬೇರೆ ಕಡೆ ನಿಲ್ಲಿಸಬೇಕೆಂದರೆ ಬರೆಯ, ಅಂದರೆ ಗುಡ್ಡ ಕಡಿದ ಗೋಡೆಯ, ಬುಡದಲ್ಲಿ ಒಂದು ಮೂಲೆ ಕೊಡುತ್ತೇವೆ ಎಂದು ತಾಣದವರು ಹೇಳಿದರು. ಅಷ್ಟರಲ್ಲಿ ಹನಿ ಶುರುವಾಯಿತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ, ಹೊಸದಾಗಿ ಕಡಿದ ಬರೆಯ ಕೆಳಗೆ ಮಳೆಯಲ್ಲಿ ಮಲಗುವುದು ನನ್ನಿಂದಾಗದು. ಒಂದು ರಾತ್ರಿಯ 1,200 ರೂಪಾಯಿ ಬಿಟ್ಟು ಹೊರಟೆವು. ಅಲ್ಲಿನ ಬಚ್ಚಲುಮನೆಯಲ್ಲಿ ಬಿಸಿನೀರು ಮಾತ್ರ ಧಾರಾಳವಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಆ ರಾತ್ರಿ ಕುಶಾಲನಗರದ ಕಡೆಗೆ ಇಳಿದು, ರಾಷ್ಟ್ರೀಯ ಹೆದ್ದಾರಿ 275ರ ಬದಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ತುಂಬಿಸಿ, ಅಲ್ಲೇ ಹಿಂದುಗಡೆ ನಿಲ್ಲಿಸಲು ಅನುಮತಿ ಕೇಳಿದೆವು. ಖರ್ಚಿಲ್ಲ, ನೆಲ ಮಟ್ಟವಾಗಿದೆ, ಕಾವಲಿದೆ. ಎಡಕ್ಕೊಂದು ಲಾರಿ ಬಲಕ್ಕೊಂದು ಲಾರಿ, ನಡುವೆ ಕೈ ಚಾಚುವಷ್ಟೂ ಜಾಗವಿಲ್ಲ. ಆದರೂ ವಿಚಿತ್ರವೆಂದರೆ ನನಗೆ ಕಿರಿಕಿರಿಯಾಗಲಿಲ್ಲ. ದಿನವಿಡೀ ಓಡಿಸಿ ದಣಿದ ಚಾಲಕನು ಎತ್ತರದ ಕ್ಯಾಬಿನಿನಲ್ಲಿ ಪರದೆ ಎಳೆದು ಮಲಗಿರುತ್ತಾನೆ, ಅವನಿಗೆ ನಮ್ಮ ಮನೆಯೊಳಗೆ ಏನು ನಡೆಯುತ್ತಿದೆ ಎಂಬ ಕುತೂಹಲವಿರುವುದಿಲ್ಲ. ಆದರೆ ಬಂಕಿನ ಆವರಣದಲ್ಲಿ ಒಲೆ ಹಚ್ಚುವಂತಿಲ್ಲ, ಹಚ್ಚಲೂಬಾರದು. ಕಾಫಿ ಕಾಸದೆ ನನ್ನ ಹೆಂಡತಿಗೆ ಬೆಳಗಾಗುವುದಿಲ್ಲ. ದೀಪಗಳ ಬೆಳಕೂ ರಾತ್ರಿಯಿಡೀ ಕಣ್ಣಿಗೆ ಕುಕ್ಕುತ್ತದೆ. ದಾರಿ ಮಧ್ಯೆ ಕತ್ತಲಾದರೆ ಒಂದು ರಾತ್ರಿಗೆ ಇದು ಸರಿ, ಎರಡನೆಯ ರಾತ್ರಿಗೆ ಅಲ್ಲ.

ತುಲಾ ಸಂಕ್ರಮಣಕ್ಕೆ ಭಾಗಮಂಡಲದಲ್ಲಿ ವ್ಯಾನ್ ನಿಲ್ಲಿಸಿ ಮಲಗಿದ್ದನ್ನು ನಾನು ಈ ಹೋಲಿಕೆಗೆ ಸೇರಿಸುವುದಿಲ್ಲ. ಕಾವೇರಿಯ ತೀರ್ಥೋದ್ಭವಕ್ಕೆ ಬಂದವರು ಜೀಪು, ಕಾರು, ಬಸ್ಸುಗಳಲ್ಲಿ ಮೈಗೆ ಮೈ ತಾಗಿಸಿ ಕಾದಿರುವ ರಾತ್ರಿಯಲ್ಲಿ ಹನ್ನೆರಡು ಅಡಿ ಕೇಳುವುದು ಹಾಸ್ಯಾಸ್ಪದ, ನಮಗೂ ಕೇಳಬೇಕೆನಿಸಲಿಲ್ಲ.

ಹೋಂಸ್ಟೇ ಅಂಗಳದ ಕಥೆ ಬೇರೆ. ಕೊಠಡಿ ಬೇಡ, ಅಂಗಳದಲ್ಲಿ ನಿಲ್ಲಿಸಲು ಬಿಟ್ಟರೆ ಸಾಕು ಎಂದು ಕೇಳಿದಾಗ ಮನೆಯವರು ರಾತ್ರಿ ಊಟ ತಮ್ಮಲ್ಲೇ ಮಾಡಬೇಕೆಂಬ ಷರತ್ತಿನ ಮೇಲೆ ಒಪ್ಪಿ, 500 ರೂಪಾಯಿ ಹೇಳಿದರು. ಊಟದ ಲೆಕ್ಕ ಬೇರೆ. ನೂಪುಟ್ಟಿನ ಜೊತೆಗೆ ಕೋಳಿ ಸಾರು ಬಡಿಸಿದರು, ಅದರ ಬಗ್ಗೆ ದೂರಿಲ್ಲ. ಎಡಗಡೆಯ ಅಂತರವೂ ಅಡಿಗಳ ಲೆಕ್ಕದಲ್ಲಿ ಬೇಕಾದಷ್ಟಿತ್ತು. ಆದರೆ ನಮ್ಮ ಬಾಗಿಲು ಅವರ ಜಗಲಿಗೆ ನೇರವಾಗಿ ಮುಖ ಮಾಡಿತ್ತು. ಬಾಗಿಲು ತೆರೆದರೆ "ಏನಾದ್ರೂ ಬೇಕಾಗಿತ್ತಾ?" ಎಂದು ಅತ್ತಲಿಂದ ಪ್ರಶ್ನೆ ಬರುತ್ತದೆ. ಚಹಾಕ್ಕೆ ನೀರಿಟ್ಟರೆ ಬೇಡವೆಂದರೂ ಒಳಗಿನಿಂದ ಚಹಾ ಬರುತ್ತದೆ. ಮನೆಯ ಮಕ್ಕಳಿಗೆ ಮಂಚ, ಒಲೆ, ಕಕ್ಕಸು ಎಲ್ಲವನ್ನೂ ಎರಡೆರಡು ಸಲ ತೋರಿಸಬೇಕಾಯಿತು. ನಾಯಿಯಂತೂ ನಾವು ಮಗ್ಗುಲು ಬದಲಿಸಿ ವ್ಯಾನ್ ಅಲುಗಾಡಿದಾಗಲೆಲ್ಲ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತು. ಇವರ ಪ್ರೀತಿಯನ್ನು ದೂರುವಂತಿಲ್ಲ, ಆದರೆ ವ್ಯಾನ್ ಕೊಂಡದ್ದೇ ಯಾರಿಗೂ ಅತಿಥಿಯಾಗದೆ ಇರುವುದಕ್ಕೆ. ಎರಡನೆಯ ಸಲ ಹೋದಾಗ ವ್ಯಾನನ್ನು ತಿರುಗಿಸಿ, ಬಾಗಿಲು ತೋಟದ ಕಡೆಗೆ ಬರುವಂತೆ ನಿಲ್ಲಿಸಿದೆ, ಆಗ ಅರ್ಧ ತೊಂದರೆ ಕಳೆಯಿತು. ಮನೆಯಾಕೆಗೆ ಅದು ಸ್ವಲ್ಪ ಬೇಸರ ತಂದಿತೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಇನ್ನು ಕಣ. ಸುಂಟಿಕೊಪ್ಪದ ಕಡೆಯ ಒಂದು ತೋಟದ ಮಾಲೀಕರು ಪರಿಚಯದವರೊಬ್ಬರ ಮಾತಿನ ಮೇಲೆ ರಾತ್ರಿಗೆ 400 ರೂಪಾಯಿಯಂತೆ ನಿಲ್ಲಿಸಲು ಒಪ್ಪಿದರು. ಸಿಮೆಂಟಿನ ಕಣ, ಮೂರು ಕಡೆ ಕಾಫಿ ಗಿಡ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಒಂದು ಕಡೆ ಗೋದಾಮು. ರಾತ್ರಿ ಎಂಟರ ಮೇಲೆ ಅಲ್ಲಿ ಯಾರೂ ಇರುವುದಿಲ್ಲ. ಕೂಲಿಯವರ ಲೈನ್ ಮನೆಗಳ ದೀಪ ಗಿಡಗಳ ಸಂದಿಯಿಂದ ದೂರದಲ್ಲಿ ಕಾಣುತ್ತದೆ, ಅಷ್ಟೇ. ಕಣವನ್ನು ಮಟ್ಟವಾಗಿ ಕಟ್ಟಿರುತ್ತಾರಾದರೂ ನೀರು ನಿಲ್ಲದಿರಲೆಂದು ಒಂದು ಬದಿಗೆ ತುಸು ವಾಟ ಕೊಟ್ಟಿರುತ್ತಾರೆ. ಎರಡು ಹಲಗೆ ತುಂಡುಗಳನ್ನು ಬಲಗಡೆಯ ಚಕ್ರಗಳ ಕೆಳಗೆ ಕೊಟ್ಟರೆ ಲೋಟದ ನೀರು ಸರಿಯಾಗಿ ನಿಲ್ಲುತ್ತದೆ.

ಇಲ್ಲಿಯೂ ತೊಂದರೆಗಳಿಲ್ಲದಿಲ್ಲ, ಅವುಗಳಲ್ಲಿ ದೊಡ್ಡದು ನಮ್ಮಿಂದಲೇ ಆದದ್ದು. ಮೊದಲ ಬೆಳಗ್ಗೆ ವ್ಯಾನನ್ನು ಹಿಂದಕ್ಕೆ ತೆಗೆದಾಗ ಎಂಜಿನ್ನಿನ ಕೆಳಗಿದ್ದ ಸಿಮೆಂಟಿನ ಮೇಲೆ ಎರಡು ರೂಪಾಯಿ ನಾಣ್ಯದಗಲದ ಮೂರು ಆಯಿಲ್ ಕಲೆಗಳು ಕಂಡವು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಮಂಡಿಯೂರಿ ಕೂತು, ಬೆರಳಿನಿಂದ ಸವರಿ, ಮೂಸಿ ನೋಡಿದರು. ಕಾಫಿ ಬೀಜ ಎಂಥ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ, ಈ ಜಾಗದಲ್ಲೇ ನಾಳೆ ಕಾಫಿ ಹಣ್ಣು ಹರಡುವವರು ನಾವು ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಮರದ ಹೊಟ್ಟು, ಸೋಪಿನ ಪುಡಿ ಹಾಕಿ ಒಂದು ಗಂಟೆ ತಿಕ್ಕಿದೆ, ಎರಡು ಕಲೆ ಹೋದವು, ಮೂರನೆಯದರ ನೆರಳು ಉಳಿಯಿತು. ಅಂದಿನಿಂದ ಎಂಜಿನ್ನಿನ ಕೆಳಗೆ ಅಂಚಿರುವ ತಗಡಿನ ತಟ್ಟೆ, ಅದರ ಮೇಲೆ ಗೋಣಿಚೀಲ ಹಾಕದೆ ನಾನು ಯಾವ ಕಣದಲ್ಲೂ ರಾತ್ರಿ ಕಳೆಯುವುದಿಲ್ಲ.

ಇನ್ನೊಂದು, ಹಾಜರಿ. ಬೆಳಗ್ಗೆ ಕೂಲಿಯವರು ಕೆಲಸಕ್ಕೆ ಹೊರಡುವ ಮುನ್ನ ಸೇರುವುದು ಕಣದಲ್ಲೇ. ಎಂಟು ಗಂಟೆಯವರೆಗೆ ಮಲಗುವವರಿಗೆ, ಲುಂಗಿಯಲ್ಲಿ ಬಾಗಿಲು ತೆರೆದು ಮೂವತ್ತು ಜನರ ಮುಂದೆ ನಿಲ್ಲುವ ಪ್ರಸಂಗ ಬರುತ್ತದೆ. ನಾವು ಐದೂವರೆಗೆ ಏಳುವವರಾದ್ದರಿಂದ ಅಷ್ಟು ಹೊತ್ತಿಗೆ ಚಪ್ಪರ ಮಡಚಿ, ಗೋದಾಮಿನ ಬದಿಗೆ ಸರಿದಿರುತ್ತೇವೆ. ಹಲಸಿನ ಹಣ್ಣನ್ನು ವ್ಯಾನಿನಲ್ಲಿಡಬಾರದು, ಹಲಸಿನ ಮರದ ಹತ್ತಿರ ನಿಲ್ಲಿಸಬಾರದು ಎಂದು ಮಾಲೀಕರು ಮೊದಲೇ ಹೇಳಿದ್ದರು. ಹಣ್ಣಿನ ಕಾಲದಲ್ಲಿ ಆನೆಗಳು ತೋಟಕ್ಕೆ ಬರುವುದೇ ಅದಕ್ಕಾಗಿ. ಕತ್ತಲಾದ ಮೇಲೆ ನಾವು ಕಣದ ಅಂಚು ದಾಟುವುದಿಲ್ಲ.

ಕಣದ ಬಹು ದೊಡ್ಡ ಕೊರತೆಯೆಂದರೆ ಅದು ಬೇಕಾದಾಗ ಸಿಗುವುದಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಅದರ ಬೆನ್ನಿಗೇ ಕರಿಮೆಣಸು ಬರುತ್ತದೆ. ಪ್ರವಾಸಿಗರು ಕೊಡಗಿಗೆ ಮುಗಿಬೀಳುವ ಚಳಿಗಾಲದ ರಜೆಯಲ್ಲಿ ಕಣ ಕೇಳುವುದೂ ಒಂದೇ, ಭತ್ತ ಬೆಳೆದು ನಿಂತ ಗದ್ದೆಯಲ್ಲಿ ವ್ಯಾನ್ ನಿಲ್ಲಿಸುತ್ತೇನೆ ಎನ್ನುವುದೂ ಒಂದೇ. ಮುಂಗಾರಿನಲ್ಲಿ ಕಣ ಗಟ್ಟಿಯಾಗಿದ್ದರೂ ತೋಟದ ಮಣ್ಣಿನ ದಾರಿ ನಮ್ಮ ವ್ಯಾನನ್ನು ಬಿಡುವುದಿಲ್ಲ. ಹೀಗಾಗಿ ನಮಗೆ ಉಳಿಯುವುದು ಏಪ್ರಿಲ್ ನಡುವಿನಿಂದ ಮೇ ಮುಗಿಯುವವರೆಗೆ, ಮತ್ತೆ ಅಕ್ಟೋಬರ್. ನಿವೃತ್ತರಾದ ನಮಗೆ ಇದು ಸಾಕಾಗುತ್ತದೆ; ಶಾಲೆಯ ರಜೆ ನೋಡಿ ಹೊರಡುವ ಕುಟುಂಬಕ್ಕೆ ಡಿಸೆಂಬರಿನಲ್ಲಿ ನಾನು ಹೇಳುವುದು ಹೋಂಸ್ಟೇ ಅಂಗಳವನ್ನೇ, ಬಾಗಿಲು ತೋಟಕ್ಕೆ ತಿರುಗಿಸಿ ನಿಲ್ಲಿಸಬೇಕೆಂಬ ಮಾತಿನೊಂದಿಗೆ. ಪಕ್ಕದಲ್ಲಿ ಇನ್ನೊಂದು ವ್ಯಾನ್ ಇದ್ದರೇ ನಿದ್ದೆ ಬರುವುದು ಎನ್ನುವವರು ಕ್ಯಾಂಪಿಂಗ್ ತಾಣಕ್ಕೆ ಹೋಗಬಹುದು. ರಾತ್ರಿಗೆ 500 ರೂಪಾಯಿಗಿಂತ ಹೆಚ್ಚು ಕೊಡಬಾರದೆಂದು ಲೆಕ್ಕ ಹಾಕಿಕೊಂಡಿರುವ ನಾವಂತೂ 10 ಅಡಿಯ ಗೆರೆಯೊಳಗೆ ಮತ್ತೆ ಕಾಲಿಡುವುದಿಲ್ಲ.

ಹೋದ ವಾರ ರೈಟರಿಗೆ ಫೋನ್ ಮಾಡಿದ್ದೆ. ಮೆಣಸು ಎತ್ತಿ ಆಗಿದೆ, ಕಣ ಗುಡಿಸಿಟ್ಟಿದ್ದೇವೆ, ಯಾವಾಗ ಬೇಕಾದರೂ ಬನ್ನಿ ಎಂದರು. ಫೋನ್ ಇಡುವ ಮುನ್ನ ಒಂದು ಕ್ಷಣ ತಡೆದು, "ಆ ತಗಡಿನ ತಟ್ಟೆ ಮರೀಬೇಡಿ ಸಾರ್" ಎಂದು ಸೇರಿಸಿದರು.