ಮಬ್ಬು ಬೆಳಕಿನ ಬೇಟೆಗೆ ತಕ್ಕ ಸ್ಕೋಪ್: ಲೂಪೋಲ್ಡ್ ವಿಎಕ್ಸ್-ಫ್ರೀಡಂ 3–9×40

ಅಮೆರಿಕದ ಪೆನ್ಸಿಲ್ವೇನಿಯಾದ ಗುಡ್ಡಗಾಡಿನಲ್ಲಿ ಜಿಂಕೆ ಬೇಟೆಗೆಂದು, ಕೋವಿಯ ಮೇಲೆ ಕೂರಿಸಿ ಗುರಿ ಹಿಡಿಯುವ ಸ್ಕೋಪ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು, ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದನ್ನು. ದಟ್ಟ ಮರಗಳ ನಡುವೆ ಈಡು ಹೊಡೆಯುವ ದೂರ ಬಹುಪಾಲು 100 ಗಜದೊಳಗೇ ಇರುವುದರಿಂದ, ನನ್ನ ಮಟ್ಟಿಗೆ ಆ ಪ್ರಶ್ನೆಗೆ ಎರಡನೆಯ ಸ್ಥಾನ. ಸ್ಕೋಪ್ ಎಷ್ಟು ಬೆಳಕನ್ನು ಕಣ್ಣಿಗೆ ತಲುಪಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಮುನ್ನೂರು ಡಾಲರಿನ ಆಸುಪಾಸಿನಲ್ಲಿ ಸಿಗುವ, 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ಲೂಪೋಲ್ಡ್ ವಿಎಕ್ಸ್-ಫ್ರೀಡಂ 3–9×40 ಸ್ಕೋಪನ್ನು ನಾನು .308 ಅಳತೆಯ ತೋಟಾ ಹಾರಿಸುವ ಬೋಲ್ಟ್ ರೈಫಲ್‌ನ ಮೇಲೆ ಬಳಸುತ್ತಿರುವುದು ಇದೇ ಕಾರಣಕ್ಕೆ.

ಇಲ್ಲಿ ಜಿಂಕೆಯ ಬೇಟೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಅವಕಾಶವಿದೆ, ಮತ್ತು ಮರಸು ಕೂತವರಿಗೆ ಜಿಂಕೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ಎರಡು ಮಬ್ಬು ಹೊತ್ತುಗಳಲ್ಲಿಯೇ. ಮುಂದಿನ ಮಸೂರದ ವ್ಯಾಸವಾದ 40 ಮಿಲಿಮೀಟರನ್ನು ವರ್ಧನೆಯಿಂದ ಭಾಗಿಸಿದರೆ, ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತ ಎಷ್ಟು ಅಗಲ ಎಂಬುದು ತಿಳಿಯುತ್ತದೆ. 9 ಪಟ್ಟಿನಲ್ಲಿ ಅದು ಸುಮಾರು 4.4 ಮಿಲಿಮೀಟರ್, 6 ಪಟ್ಟಿನಲ್ಲಿ 6.7 ಮಿಲಿಮೀಟರ್. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರಿನವರೆಗೆ ಅರಳುತ್ತದೆ. ವಯಸ್ಸಾದಂತೆ ಅದು ಕುಗ್ಗುತ್ತದೆ. ಪಾಪೆಯ ಅಗಲದವರೆಗೆ ಬೆಳಕಿನ ವೃತ್ತ ಹಿಗ್ಗಿದಷ್ಟೂ ನೋಟ ಹೆಚ್ಚು ಬೆಳಗುತ್ತದೆ. ಆದ್ದರಿಂದ ಹೊತ್ತು ಮುಳುಗಿದ ಮೇಲೆ ವರ್ಧನೆಯ ಉಂಗುರವನ್ನು 9ರಿಂದ 6ಕ್ಕೆ ತಿರುಗಿಸಿದ ಕೂಡಲೇ, ಬೂದು ಬಣ್ಣದ ಪೊದೆಯಂತೆ ಕಾಣುತ್ತಿದ್ದ ಜಾಗದಲ್ಲಿ ಜಿಂಕೆಯ ಕತ್ತಿನ ಗೆರೆ, ಮುಂಗಾಲಿನ ಹಿಂದಿನ ಮಡಿಕೆ ಬೇರೆ ಬೇರೆಯಾಗಿ ಗೋಚರಿಸುತ್ತವೆ. ಗುರಿ ಇಡಬೇಕಾದದ್ದು ಆ ಮಡಿಕೆಯ ನೇರಕ್ಕೆ. ಅದು ಸ್ಪಷ್ಟವಾಗಿ ಕಾಣದ ಹೊತ್ತಿನಲ್ಲಿ ಕೋವಿಯ ಕುದುರೆಯ (ಟ್ರಿಗರ್) ಮೇಲೆ ಬೆರಳಿಡಲೇಬಾರದು, ಏಕೆಂದರೆ ಗಾಯಗೊಂಡ ಪ್ರಾಣಿ ಕತ್ತಲ ಕಾಡಿನಲ್ಲಿ ನರಳುವಂತೆ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದೇ ರಾಜ್ಯದ ಹೆಚ್ಚಿನ ವಲಯಗಳಲ್ಲಿ, ಹೊಡೆಯುವ ಗಂಡು ಜಿಂಕೆಯ ಒಂದು ಕೊಂಬಿನಲ್ಲಿ ಕನಿಷ್ಠ 3 ಕವಲುಗಳಿರಬೇಕೆಂಬ ನಿಯಮ ವಯಸ್ಕ ಬೇಟೆಗಾರರಿಗಿದೆ. ಕವಲು ಎಣಿಸುವುದಕ್ಕೆ ಹೆಚ್ಚು ವರ್ಧನೆಯ ಸ್ಕೋಪ್ ಬೇಕೆಂದು ಕೆಲವರು ವಾದಿಸುತ್ತಾರೆ. ಆ ಕೆಲಸ ದುರ್ಬೀನಿನದು. ಸ್ಕೋಪಿನಲ್ಲಿ ಹುಡುಕುವುದೆಂದರೆ ತೋಟಾ ತುಂಬಿದ ಕೋವಿಯ ನಳಿಗೆಯನ್ನು ಕಂಡ ಕಂಡ ಕಡೆಗೆ ತಿರುಗಿಸುವುದು, ಮತ್ತು ಪೊದೆಯ ಆಚೆ ಅಲುಗಾಡಿದ್ದು ಇನ್ನೊಬ್ಬ ಬೇಟೆಗಾರನೇ ಆಗಿರಬಹುದು. ದುಬಾರಿ ಸ್ಕೋಪಿಗೆ ಹಾಕುವ ಹಣದಲ್ಲಿ ಸ್ವಲ್ಪ ಉಳಿಸಿ ಒಳ್ಳೆಯ ದುರ್ಬೀನು ಕೊಳ್ಳಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ವರ್ಧನೆಯನ್ನು 3ಕ್ಕೆ ಇಳಿಸಿದಾಗ 100 ಗಜದಲ್ಲಿ ಸುಮಾರು 33 ಅಡಿ ಅಗಲದ ನೋಟ ಸಿಗುತ್ತದೆ. 9ರಲ್ಲಿ ಅದು 13–14 ಅಡಿಗೆ ಇಳಿಯುತ್ತದೆ. ಮರಗಳ ಸಂದಿಯಲ್ಲಿ ದಾಟುವ ಜಿಂಕೆಯನ್ನು ತಟ್ಟನೆ ಹಿಡಿಯಬೇಕಾದಾಗ ಈ ಅಗಲ ಉಪಯೋಗಕ್ಕೆ ಬರುತ್ತದೆ. ಒಂದಿಂಚಿನ ಕೊಳವೆಯ ಈ ಸ್ಕೋಪ್ 350 ಗ್ರಾಂಗಿಂತ ತುಸು ಕಡಿಮೆ ತೂಗುವುದರಿಂದ, ದಿನವಿಡೀ ಕೋವಿ ಹೊತ್ತು ಗುಡ್ಡ ಹತ್ತುವವರಿಗೆ ಭಾರವೆನಿಸುವುದಿಲ್ಲ.

ಗುರಿ ಸರಿಪಡಿಸುವ ತಿರುಗುಗುಂಡಿಯ ಒಂದೊಂದು ಕ್ಲಿಕ್ 100 ಗಜದಲ್ಲಿ ಗುಂಡನ್ನು ಕಾಲು ಇಂಚು ಸರಿಸುತ್ತದೆ. 100 ಗಜದಲ್ಲಿ ಗುಂಡು 2 ಇಂಚು ಕೆಳಗೆ ಬಿದ್ದರೆ 8 ಕ್ಲಿಕ್ ಸಾಕು. ಅದೇ ತಪ್ಪು 50 ಗಜದಲ್ಲಿ ಕಂಡರೆ 16 ಕ್ಲಿಕ್ ಬೇಕು, ಏಕೆಂದರೆ ಅರ್ಧ ದೂರದಲ್ಲಿ ಒಂದು ಕ್ಲಿಕ್ ಸರಿಸುವುದೂ ಅರ್ಧದಷ್ಟೇ. 100 ಗಜಕ್ಕೆ ಹೊಂದಿಸಿದ .308ರ ಗುಂಡು 200 ಗಜದಲ್ಲಿ ಸುಮಾರು 4 ಇಂಚು ಇಳಿಯುತ್ತದೆ, ಕಾಡಿನ ಬೇಟೆಯಲ್ಲಿ ಅದು ಲೆಕ್ಕಕ್ಕೆ ಸಿಗುವ ಇಳಿತ.

ನಾನು ಬಳಸುವ ಮಾದರಿಯಲ್ಲಿ ಗುರಿಗೆರೆಗೆ, ಅಂದರೆ ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳಿಗೆ, ಬೆಳಕಿನ ಚುಕ್ಕೆ ಇಲ್ಲ. ಹೆಮ್ಲಾಕ್ ಮರಗಳ ಕಪ್ಪು ನೆರಳಿನ ಮೇಲೆ ನಡುವಿನ ತೆಳು ಗೆರೆ ಕರಗಿಹೋದಾಗ ಅಂಚಿನ ದಪ್ಪ ಗೆರೆಗಳನ್ನೇ ನೆಚ್ಚಬೇಕಾಗುತ್ತದೆ. ವ್ಯೋಮಿಂಗ್‌ನ ಬಯಲಿನಲ್ಲಿ ದೂರದಲ್ಲಿರುವ, ಹುಲ್ಲೆಯನ್ನು ಹೋಲುವ ಪ್ರಾಂಗ್‌ಹಾರ್ನ್‌ಗೆ ಗುರಿಯಿಡುವವರಿಗೆ ದೂರಕ್ಕೆ ತಕ್ಕಂತೆ ತಿರುಗಿಸುವ ಗುಂಡಿಯೂ ಹೆಚ್ಚಿನ ವರ್ಧನೆಯೂ ಇರುವ ಬೇರೆ ಸ್ಕೋಪ್ ಬೇಕು. ಲೂಪೋಲ್ಡ್‌ನ ಆಜೀವ ಖಾತರಿಗೆ ರಸೀದಿ ಕೇಳುವುದಿಲ್ಲ, ಕೈ ಬದಲಾದ ಸ್ಕೋಪಿಗೂ ಅದು ಅನ್ವಯಿಸುತ್ತದೆ ಎಂಬುದರಿಂದ, ಬಳಸಿದ್ದನ್ನು ಕೊಳ್ಳುವವರೂ ಧೈರ್ಯವಾಗಿ ಕೊಳ್ಳಬಹುದು. ಆದರೆ ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಊರಿನವರಿಗೆ ಉಡುಗೊರೆಯಾಗಿ ಒಯ್ಯುವ ಯೋಚನೆ ಮಾಡಬಾರದು: ರೈಫಲ್ ಸ್ಕೋಪುಗಳು ಇಲ್ಲಿನ ರಫ್ತು ನಿಯಮಗಳಿಗೆ ಒಳಪಟ್ಟಿವೆ, ಅಲ್ಲಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಗೆ ಅವಕಾಶವಿಲ್ಲ.

ಎಷ್ಟೇ ಒಳ್ಳೆಯ ಸ್ಕೋಪಾದರೂ ಕೂರಿಸುವಾಗ ಅವಸರ ಮಾಡಬಾರದು. ಈ ಸ್ಕೋಪಿಗೂ ಕಣ್ಣಿಗೂ ನಡುವೆ ಮೂರೂವರೆ ಇಂಚಿಗಿಂತ ಹೆಚ್ಚು ಅಂತರ ಸಿಗುತ್ತದೆ. ಗುಂಡು ಹಾರಿ ಕೋವಿ ಹಿಂದಕ್ಕೆ ಒದ್ದಾಗ ಹುಬ್ಬು ಒಡೆಯದಿರಬೇಕಾದರೆ ಆ ಅಂತರವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಬೇಟೆಗೆ ತೊಡುವ ದಪ್ಪ ಜಾಕೆಟನ್ನೇ ತೊಟ್ಟು, ವರ್ಧನೆಯನ್ನು 9ಕ್ಕೆ ಇಟ್ಟು, ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ. ಕೆನ್ನೆ ತನ್ನ ಜಾಗದಲ್ಲಿ ಒರಗಿದ ಮೇಲೆ ಕಣ್ಣು ತೆರೆದರೆ ಇಡೀ ವೃತ್ತ ಒಮ್ಮೆಗೇ ಕಾಣಬೇಕು. ಅಂಚಿನಲ್ಲಿ ಕರಿ ನೆರಳು ಕವಿದರೆ ಸ್ಕೋಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಮತ್ತೆ ನೋಡಿ, ನೆರಳು ಪೂರ್ತಿ ಹೋದ ನಂತರವಷ್ಟೇ ಸ್ಕೋಪನ್ನು ಹಿಡಿದಿಡುವ ರಿಂಗುಗಳ ತಿರುಪನ್ನು ತಯಾರಕರು ಹೇಳಿದ ಬಿಗಿತಕ್ಕೆ ಬಿಗಿಯಿರಿ.